ಕೈ ಅಲುಗದಿದ್ದರೂ ಗಾಡಿ ಎಳೆಯುತ್ತೆ, ಬಿಡುತ್ತೆ: ಎಫ್‌ಐ ಬೈಕ್‌ನ ‘ಸರ್ಜಿಂಗ್’ ಪತ್ತೆ ಹಚ್ಚೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಮೊದಲೇ ಒಂದು ಮಾತು, ಇದನ್ನ ಬೈಕ್ ಓಡಿಸ್ತಾ ಕೇಳಬೇಡಿ. ನಿಲ್ಲಿಸಿ, ಟೀ ಕುಡೀತಾ ಕೇಳಿ.

ಇವತ್ತಿನ ವಿಷಯ ಸರ್ಜಿಂಗ್. ಹೈವೇನಲ್ಲಿ ಅರವತ್ತರ ವೇಗದಲ್ಲಿ ಹೋಗ್ತಾ ಇದ್ದೀರಿ ಅಂದ್ಕೊಳ್ಳಿ. ಎಕ್ಸಲರೇಟರ್ ಹಿಡಿದ ಕೈ ಒಂದಿಷ್ಟೂ ಅಲುಗಿಲ್ಲ. ಆದ್ರೂ ಗಾಡಿ ತಾನಾಗೇ ಒಂಚೂರು ಮುಂದಕ್ಕೆ ಎಳೆಯುತ್ತೆ, ಮರುಕ್ಷಣ ಯಾರೋ ಹಿಂದಿನಿಂದ ಹಿಡಿದ ಹಾಗೆ ಬಿಡುತ್ತೆ. ಮತ್ತೆ ಎಳೆಯುತ್ತೆ, ಮತ್ತೆ ಬಿಡುತ್ತೆ. ಹತ್ತು ನಿಮಿಷ ಹೀಗೆ ಮಾಡಿ, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತೆ. ಗ್ಯಾರೇಜ್‌ಗೆ ತಗೊಂಡು ಹೋದ್ರಂತೂ ಸಾಧು ಹಸುವಿನ ಹಾಗೆ ನಿಂತಿರುತ್ತೆ. ಮೆಕ್ಯಾನಿಕ್ ಒಂದು ರೌಂಡ್ ಹೊಡೆದು ಬಂದು, “ಗಾಡಿ ಚೆನ್ನಾಗೇ ಇದೆಯಲ್ಲ ಗುರು” ಅಂತಾರೆ.

ಇಲ್ಲಿಂದ ಖರ್ಚು ಶುರು. ಮೊದಲು ಪ್ಲಗ್ ಬದಲಿಸ್ತಾರೆ. ಸರಿ ಹೋಗಲ್ಲ. ಇಂಜೆಕ್ಟರ್ ಕ್ಲೀನಿಂಗ್ ಅಂತಾರೆ. ಎರಡು ದಿನ ಚೆನ್ನಾಗಿರುತ್ತೆ, ಮತ್ತೆ ಅದೇ ಕಥೆ. ಆಮೇಲೆ ಪೆಟ್ರೋಲ್ ಪಂಪ್, ಸೆನ್ಸರ್, ಕೊನೆಗೆ ಇಸಿಯು. ಒಂದೊಂದಕ್ಕೂ ಸಾವಿರಗಟ್ಟಲೆ. ಡೆಲಿವರಿ ಮಾಡೋ ಹುಡುಗರಿಗೆ ಗಾಡಿ ಗ್ಯಾರೇಜ್‌ನಲ್ಲಿ ನಿಂತ ದಿನ ದುಡಿಮೆಯೂ ಇಲ್ಲ. ದುಡ್ಡಿಗಿಂತ ದೊಡ್ಡ ಮಾತು ಇನ್ನೊಂದಿದೆ. ಶಿರಾಡಿ ಘಾಟಿಯಲ್ಲಿ ಲಾರಿ ಓವರ್‌ಟೇಕ್ ಮಾಡ್ತಾ ಇರುವಾಗ ಗಾಡಿ ಒಂದು ಕ್ಷಣ ಕೈಕೊಟ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಇವತ್ತು ಹೇಳಬೇಕಾಗಿರೋದು ಒಂದೇ ವಿಷಯ. ಬಂದು ಹೋಗೋ ತೊಂದರೆಯಲ್ಲಿ, ‘ಯಾವ ಭಾಗ ಹಾಳಾಗಿದೆ’ ಅನ್ನೋ ಪ್ರಶ್ನೆಗಿಂತ ‘ಯಾವಾಗ ಹೀಗಾಗುತ್ತೆ’ ಅನ್ನೋ ಪ್ರಶ್ನೆ ಮೊದಲು ಬರಬೇಕು. ಯಾವಾಗ ಅನ್ನೋದು ಸಿಕ್ಕಿದ್ರೆ ಎಲ್ಲಿ ಅನ್ನೋದು ಅರ್ಧ ಸಿಕ್ಕಿದ ಹಾಗೆ.

ಇದು ನಿಜವಾಗಲೂ ಸರ್ಜಿಂಗಾ?

ಮೊದಲು ಇದನ್ನ ಖಚಿತ ಮಾಡ್ಕೊಳ್ಳಿ. ಆರ್‌ಪಿಎಂ ಏರುತ್ತೆ ಆದ್ರೆ ವೇಗ ಏರಲ್ಲ ಅಂದ್ರೆ ಅದು ಕ್ಲಚ್ ಪ್ಲೇಟ್ ಜಾರ್ತಾ ಇರೋದು. ಕಡಿಮೆ ವೇಗದಲ್ಲಿ, ಟ್ರಾಫಿಕ್‌ನಲ್ಲಿ ಮಾತ್ರ ಟಕ್ ಟಕ್ ಅಂತ ಜರ್ಕ್ ಹೊಡೆದ್ರೆ ಚೈನ್ ಎಷ್ಟು ಸಡಿಲ ಇದೆ ನೋಡಿ. ಗಾಡಿ ‘ಮಿಸ್ಸಿಂಗ್’ ಹೊಡೆಯೋದು, ಅಂದ್ರೆ ಪಟ್ ಅಂತ ಕತ್ತರಿಸಿದ ಹಾಗೆ ಒಂದು ಬಡಿತ ತಪ್ಪೋದು, ಅದು ಹೆಚ್ಚಾಗಿ ಪ್ಲಗ್, ಪ್ಲಗ್ ಕ್ಯಾಪ್, ಕಾಯಿಲ್ ಕಡೆಯ ತೊಂದರೆ. ಸರ್ಜಿಂಗ್ ಅಂದ್ರೆ ಅಲೆಯ ಹಾಗೆ ಏರಿ ಇಳಿಯೋದು. ಕೈ ಸ್ಥಿರವಾಗಿದ್ದಾಗಲೇ ಅದು ಎದ್ದು ಕಾಣೋದು.

ಅಲೆ ಯಾಕೆ ಬರುತ್ತೆ?

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂತು. ಆಮೇಲೆ ಸಣ್ಣ ಬೈಕ್‌ಗಳಲ್ಲೂ ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಕೂತಿತು. ಮೊದಲು ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು, ಸದ್ದು ಕೇಳ್ತಾ ಟ್ಯೂನಿಂಗ್ ಮಾಡ್ತಿದ್ರು. ಈಗ ಆ ಕೆಲಸವನ್ನ ಇಸಿಯು ಅನ್ನೋ ಪುಟ್ಟ ಕಂಪ್ಯೂಟರ್ ಮಾಡುತ್ತೆ. ಎಷ್ಟು ಗಾಳಿ ಬರ್ತಿದೆ, ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ಸೆನ್ಸರ್‌ಗಳಿಂದ ತಿಳ್ಕೊಂಡು, ಎಷ್ಟು ಪೆಟ್ರೋಲ್ ಸಿಂಪಡಿಸಬೇಕು ಅಂತ ಅದೇ ಲೆಕ್ಕ ಹಾಕುತ್ತೆ. ಶುದ್ಧ ಪೆಟ್ರೋಲ್ ಆದ್ರೆ, ತೂಕದ ಲೆಕ್ಕದಲ್ಲಿ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್. ಸುಟ್ಟ ಹೊಗೆಯನ್ನ ಸೈಲೆನ್ಸರ್ ಪೈಪ್‌ನಲ್ಲಿ ಕೂತಿರೋ ಆಕ್ಸಿಜನ್ ಸೆನ್ಸರ್ ನೋಡಿ, ‘ಪೆಟ್ರೋಲ್ ಜಾಸ್ತಿಯಾಯ್ತು’ ಅಥವಾ ‘ಕಡಿಮೆಯಾಯ್ತು’ ಅಂತ ಇಸಿಯುಗೆ ವರದಿ ಕೊಡುತ್ತೆ. ಇಸಿಯು ಅದಕ್ಕೆ ತಕ್ಕ ಹಾಗೆ ತಿದ್ದುತ್ತೆ.

ಬಚ್ಚಲುಮನೆಯಲ್ಲಿ ಸೋಲಾರ್ ನೀರಿಗೆ ತಣ್ಣೀರು ಬೆರೆಸೋದನ್ನ ನೆನೆಸ್ಕೊಳ್ಳಿ. ಬಿಸಿ ಜಾಸ್ತಿ ಅಂತ ತಣ್ಣೀರಿನ ನಲ್ಲಿ ತಿರುಗಿಸ್ತೀರಿ. ಆ ನೀರು ಬರೋಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ತಾಳ್ಮೆ ಇಲ್ಲದೆ ಇನ್ನೂ ತಿರುಗಿಸ್ತೀರಿ. ಈಗ ಕೊರೆಯೋ ನೀರು ಸುರಿಯುತ್ತೆ. ಮತ್ತೆ ಬಿಸಿ ನಲ್ಲಿ ಕಡೆ ಕೈ ಹೋಗುತ್ತೆ. ಸರ್ಜಿಂಗ್‌ನಲ್ಲಿ ಬಹಳ ಸಲ ಆಗೋದೂ ಇದೇ. ಎಲ್ಲಿಂದಲೋ ತಪ್ಪು ವರದಿ ಬರುತ್ತೆ, ಅಥವಾ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತೆ, ಅಥವಾ ಕೇಳಿದಷ್ಟು ಪೆಟ್ರೋಲ್ ಬರಲ್ಲ. ಇಸಿಯು ತಿದ್ದೋಕೆ ಹೋಗಿ ಹೋಗಿ ಅಲೆ ಎಬ್ಬಿಸುತ್ತೆ. ಅಂದ್ರೆ ಇಸಿಯು ಹಾಳಾಗಿರೋದು ಬಹಳ ಅಪರೂಪ. ಅದನ್ನ ಮೊದಲೇ ಬದಲಿಸಿ ಅಂತ ಯಾರಾದರೂ ಹೇಳಿದ್ರೆ ಸ್ವಲ್ಪ ತಡೆಯಿರಿ.

ಫೋನ್ ತೆಗೀರಿ, ಡೈರಿ ಬರೀರಿ

ಒಂದು ವಾರ ಈ ಕೆಲಸ ಮಾಡಿ. ಸರ್ಜಿಂಗ್ ಆದಾಗಲೆಲ್ಲ ಗಾಡಿ ಪಕ್ಕಕ್ಕೆ ಹಾಕಿ, ಅರ್ಧ ನಿಮಿಷದ ವಾಯ್ಸ್ ನೋಟ್ ಮಾಡಿ. ಅದರಲ್ಲಿ ಆರು ವಿಷಯ ಇರಲಿ. ಎಂಜಿನ್ ತಣ್ಣಗಿತ್ತಾ, ಬಿಸಿಯಾಗಿತ್ತಾ? ಹೊರಟು ಎಷ್ಟು ಹೊತ್ತಾಗಿತ್ತು? ಯಾವ ಗೇರು, ಎಷ್ಟು ವೇಗ? ಟ್ಯಾಂಕ್‌ನಲ್ಲಿ ಪೆಟ್ರೋಲ್ ಎಷ್ಟಿತ್ತು, ಕೊನೆಗೆ ಹಾಕಿಸಿದ್ದು ಯಾವಾಗ? ಮಳೆ ಬರ್ತಿತ್ತಾ, ಇತ್ತೀಚೆಗೆ ವಾಟರ್ ವಾಶ್ ಮಾಡಿಸಿದ್ರಾ? ಚೆಕ್ ಎಂಜಿನ್ ಲೈಟ್ ಒಂದು ಕ್ಷಣವಾದ್ರೂ ಮಿನುಗಿತಾ?

ಐದಾರು ನೋಟ್ ಸೇರಿದ ಮೇಲೆ ಒಟ್ಟಿಗೆ ಕೇಳಿ. ಒಂದು ಲಯ ಸಿಗುತ್ತೆ. ಆ ಲಯ ಏನು ಹೇಳುತ್ತೆ ಅಂತ ಈಗ ನೋಡೋಣ.

ಲಯ ಹೇಳೋ ಗುಟ್ಟು

ಅರ್ಧ ಗಂಟೆ ಓಡಿದ ಮೇಲೆ ಶುರುವಾಗುತ್ತೆ, ಐದು ನಿಮಿಷ ನಿಲ್ಲಿಸಿದ್ರೆ ಸರಿಹೋಗುತ್ತೆ ಅಂದ್ರೆ ಮೊದಲು ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಟ್ಯಾಂಕ್ ಒಳಗೆ ಹೋಗಬೇಕು. ಆ ಸಣ್ಣ ದಾರಿ ಧೂಳು, ಪಾಲಿಶ್‌ನಿಂದ ಕಟ್ಟಿಕೊಂಡಿದ್ರೆ ಟ್ಯಾಂಕ್‌ನಲ್ಲಿ ನಿರ್ವಾತ ಆಗಿ ಪಂಪ್ ಒದ್ದಾಡುತ್ತೆ. ಮುಚ್ಚಳ ತೆಗೆದಾಗ ‘ಸುಸ್’ ಅಂತ ಗಾಳಿ ಒಳಗೆ ಎಳ್ಕೊಂಡ್ರೆ, ಆಮೇಲೆ ಗಾಡಿ ಸರಿಯಾದ್ರೆ, ಕಳ್ಳ ಸಿಕ್ಕಿದ ಹಾಗೆ. ಖರ್ಚು ಹೆಚ್ಚುಕಮ್ಮಿ ಸೊನ್ನೆ.

ತಣ್ಣಗಿರುವಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಅಲೆ ಬಂದ್ರೆ ಆಕ್ಸಿಜನ್ ಸೆನ್ಸರ್ ಕಡೆ ಅನುಮಾನ ಪಡಿ. ಎಂಜಿನ್ ಬಿಸಿಯಾಗೋವರೆಗೂ ಇಸಿಯು ಅದರ ಮಾತು ಕೇಳೋದೇ ಇಲ್ಲ. ಆದ್ರೆ ನೇರ ಸೆನ್ಸರ್ ಕೊಳ್ಳಬೇಡಿ. ಎಂಜಿನ್‌ಗೆ ಸೈಲೆನ್ಸರ್ ಪೈಪ್ ಸೇರೋ ಕಡೆ ಗ್ಯಾಸ್ಕೆಟ್ ಲೀಕ್ ಇದ್ರೆ ಹೊರಗಿನ ಗಾಳಿ ಒಳಗೆ ಸೇರಿ, ಒಳ್ಳೆ ಸೆನ್ಸರೂ ‘ಪೆಟ್ರೋಲ್ ಸಾಲ್ತಾ ಇಲ್ಲ’ ಅಂತ ಸುಳ್ಳು ವರದಿ ಕೊಡುತ್ತೆ. ಸದ್ದು ಚೆನ್ನಾಗಿರಲಿ ಅಂತ ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ತೊಂದರೆ ಶುರುವಾಗಿದ್ರೆ ಈ ಜಾಗವನ್ನೇ ಮೊದಲು ನೋಡಿ.

ಯಾವಾಗಲೂ ಅದೇ ಒಂದು ವೇಗದಲ್ಲಿ, ಥ್ರಾಟಲ್‌ನ ಅದೇ ಒಂದು ಜಾಗದಲ್ಲಿ ಆದ್ರೆ? ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳೋ ಸೆನ್ಸರ್, ಟಿಪಿಎಸ್ ಅಂತಾರೆ, ಅದು ಸವೆದಿರಬಹುದು. ನಾವು ದಿನಾ ಹೆಚ್ಚು ಹೊತ್ತು ಹಿಡಿಯೋ ಜಾಗದಲ್ಲೇ ಅದು ಸವೆಯುತ್ತೆ. ಪರೀಕ್ಷೆ ಸುಲಭ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಮಲ್ಟಿಮೀಟರ್ ಹಚ್ಚಿ, ಎಕ್ಸಲರೇಟರ್ ನಿಧಾನಕ್ಕೆ ತಿರುಗಿಸಬೇಕು. ಬಹಳಷ್ಟು ಬೈಕ್‌ಗಳಲ್ಲಿ ಸುಮಾರು ಅರ್ಧ ವೋಲ್ಟ್‌ನಿಂದ ನಾಲ್ಕೂವರೆ ವೋಲ್ಟ್ ಕಡೆಗೆ ಮೆಟ್ಟಿಲಿಲ್ಲದೆ ಏರಬೇಕು. ಮಧ್ಯೆ ಎಲ್ಲಾದರೂ ದಿಢೀರ್ ಬಿದ್ದೆದ್ರೆ ಸಾಕ್ಷಿ ಸಿಕ್ಕಿತು. ಇದಕ್ಕೆ ಡಿಜಿಟಲ್ ಮೀಟರ್‌ಗಿಂತ ಹಳೇ ಮುಳ್ಳಿನ ಮೀಟರ್ ಒಳ್ಳೇದು, ಮುಳ್ಳು ಕುಣಿಯೋದು ಕಣ್ಣಿಗೆ ಕಾಣುತ್ತೆ.

ಏರು ಹತ್ತುವಾಗ, ಹಿಂದೆ ಒಬ್ಬರು ಕೂತಿದ್ದಾಗ, ಜೋರಾಗಿ ರೇಸ್ ಕೊಟ್ಟಾಗ ಗಾಡಿ ಉಸಿರು ಕಟ್ಟಿದ ಹಾಗೆ ಮಾಡಿದ್ರೆ ಪೆಟ್ರೋಲ್ ಸಾಲ್ತಾ ಇಲ್ಲ. ಫಿಲ್ಟರ್ ಕಟ್ಟಿರಬಹುದು, ಪಂಪ್ ಸೋತಿರಬಹುದು. ಇಲ್ಲಿ ಊಹೆ ಬೇಡ, ಫ್ಯುಯೆಲ್ ಪ್ರೆಶರ್ ಗೇಜ್ ಹಾಕಿಸಿ. ಬಹಳಷ್ಟು ಬೈಕ್‌ಗಳಲ್ಲಿ ಇದು 3 ಬಾರ್ ಆಸುಪಾಸು ಇರುತ್ತೆ. ನಿಮ್ಮ ಗಾಡಿಯ ಸರಿಯಾದ ಲೆಕ್ಕ ಸರ್ವೀಸ್ ಮ್ಯಾನುಯಲ್‌ನಲ್ಲಿದೆ. ಈ ಕೆಲಸ ಗ್ಯಾರೇಜ್‌ನಲ್ಲೇ ಆಗಲಿ, ಒತ್ತಡದಲ್ಲಿರೋ ಪೆಟ್ರೋಲ್ ಪೈಪ್ ಮನೇಲಿ ಬಿಚ್ಚಬೇಡಿ. ಇನ್ನೊಂದು, ಟ್ಯಾಂಕ್ ಒಳಗಿರೋ ಪಂಪ್‌ನ ತಣ್ಣಗಿಡೋದು ಪೆಟ್ರೋಲೇ. ದಿನಾ ರಿಸರ್ವ್‌ನಲ್ಲೇ ಓಡಿಸೋರ ಪಂಪ್ ಬೇಗ ಸೋಲುತ್ತೆ.

ಪೆಟ್ರೋಲ್ ಹಾಕಿಸಿದ ಮೇಲೆ, ಅಥವಾ ಗಾಡಿ ತಿಂಗಳುಗಟ್ಟಲೆ ನಿಂತ ಮೇಲೆ ಶುರುವಾದ್ರೆ ನೀರಿನ ಅನುಮಾನ. ಶೇಕಡ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಗಿದ್ದು. ಎಥೆನಾಲ್‌ಗೆ ನೀರನ್ನ ಹೀರಿಕೊಳ್ಳೋ ಗುಣ ಇದೆ. ನೀರು ಮಿತಿ ಮೀರಿದ್ರೆ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಪಂಪ್ ಎಳೆಯೋದೂ ತಳದಿಂದಲೇ. ಟ್ಯಾಂಕ್‌ನ ತಳದಿಂದ ಒಂದಿಷ್ಟು ಪೆಟ್ರೋಲ್ ಗಾಜಿನ ಬಾಟಲಿಗೆ ತೆಗೆಸಿ, ಅಲುಗಾಡಿಸದೆ ಇಡಿಸಿ. ಎರಡು ಪದರ ಕಂಡ್ರೆ ಟ್ಯಾಂಕ್ ಖಾಲಿ ಮಾಡಿ ತೊಳೆಸಬೇಕು. ಬೆಂಕಿ, ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು.

ಮಳೆ, ವಾಟರ್ ವಾಶ್, ಹಳ್ಳದ ರಸ್ತೆ ಇವುಗಳ ಜೊತೆ ತೊಂದರೆ ಬಂದು ಹೋದ್ರೆ ಅದು ವೈರಿಂಗ್. ಬಂದು ಹೋಗೋ ತೊಂದರೆಗಳಲ್ಲಿ ನಾನು ಮೊದಲು ಅನುಮಾನಿಸೋದು ಇದನ್ನೇ. ಬ್ಯಾಟರಿ ಟರ್ಮಿನಲ್ ಸ್ಕ್ರೂ ಸಡಿಲ ಇದೆಯಾ, ಅರ್ಥ್ ವೈರ್ ತುಕ್ಕು ಹಿಡಿದಿದೆಯಾ, ಕಪ್ಲರ್ ಒಳಗೆ ಹಸಿರು ಬಣ್ಣದ ಕಿಲುಬು ಇದೆಯಾ ನೋಡಿ. ಆಮೇಲೆ ಗಾಡಿಯನ್ನ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ವೈರಿಂಗ್ ಗೊಂಚಲನ್ನ ಮೆಲ್ಲಗೆ ಅಲುಗಾಡಿಸಿ. ಆ ಹೊತ್ತಿಗೆ ಎಂಜಿನ್ ಸದ್ದು ಬದಲಾದ್ರೆ ತುಂಡಾಗ್ತಿರೋ ವೈರ್ ಅಲ್ಲೇ ಎಲ್ಲೋ ಇದೆ.

ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಏರಿಳಿದ್ರೆ ಥ್ರಾಟಲ್ ಬಾಡಿಯಲ್ಲಿ ಕೂತ ಮಸಿ, ಅಥವಾ ಅದನ್ನ ಎಂಜಿನ್‌ಗೆ ಸೇರಿಸೋ ರಬ್ಬರ್‌ನಲ್ಲಿ ಬಿರುಕು. ಬಿರುಕು ಹುಡುಕೋಕೆ ಕೆಲವರು ಕಾರ್ಬ್ ಕ್ಲೀನರ್ ಸಿಂಪಡಿಸ್ತಾರೆ, ಬಿಸಿ ಎಂಜಿನ್ ಮೇಲೆ ಅದು ಬೆಂಕಿ ಜೊತೆ ಸರಸ. ಸ್ಪ್ರೇ ಬಾಟಲಿಯಲ್ಲಿ ನೀರು ಸಾಕು. ರಬ್ಬರ್ ಸುತ್ತ ಸ್ವಲ್ಪ ಚಿಮುಕಿಸಿದಾಗ ಎಂಜಿನ್ ಸದ್ದು ಬದಲಾದ್ರೆ ಗಾಳಿ ಅಲ್ಲಿಂದ ನುಗ್ತಿದೆ ಅಂತ ಅರ್ಥ.

ಗ್ಯಾರೇಜ್‌ನಲ್ಲಿ ಏನು ಕೇಳಬೇಕು?

ಬ್ಯಾಟರಿ ಬಿಚ್ಚೋದಕ್ಕೆ ಮುಂಚೆ ಸ್ಕ್ಯಾನರ್ ಹಾಕಿಸಿ. ಕೆಲವು ಗಾಡಿಗಳಲ್ಲಿ ಬ್ಯಾಟರಿ ತೆಗೆದ್ರೆ ಒಳಗೆ ಉಳಿದಿದ್ದ ಕೋಡ್ ಅಳಿಸಿ ಹೋಗಬಹುದು, ಸಾಕ್ಷಿ ನಾಶ ಮಾಡಿದ ಹಾಗೆ. ಲೈಟ್ ಈಗ ಉರೀತಿಲ್ಲ ಅಂದ್ರೂ ಹಳೇ ಕೋಡ್ ಉಳಿದಿರಬಹುದು. ಆದ್ರೆ ಕೋಡ್ ಅಂದ್ರೆ ತೀರ್ಪಲ್ಲ. ‘ಆಕ್ಸಿಜನ್ ಸೆನ್ಸರ್’ ಅಂತ ಕೋಡ್ ಬಂದ್ರೆ ಆ ಸೆನ್ಸರ್ ಹಾಳಾಗಿದೆ ಅಂತಲೇ ಅಲ್ಲ. ಅದರ ವೈರು, ಕಪ್ಲರ್, ಗ್ಯಾಸ್ಕೆಟ್ ಎಲ್ಲ ಅನುಮಾನದ ಪಟ್ಟಿಯಲ್ಲಿವೆ.

ಬ್ಯಾಟರಿ ವೋಲ್ಟೇಜ್ ಅಳೆಸಿ. ಎಂಜಿನ್ ಆಫ್ ಇದ್ದಾಗ ಸುಮಾರು 12.6, ರೇಸ್ ಕೊಟ್ಟಾಗ 13.5ರಿಂದ 14.5ರೊಳಗೆ ಇರಬೇಕು. ಮುಖ್ಯವಾದದ್ದು, ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಭಾಗ ಒಟ್ಟಿಗೆ ಬದಲಿಸಿದ್ರೆ ಸರಿಹೋದದ್ದು ಯಾವುದರಿಂದ ಅಂತ ಯಾರಿಗೂ ಗೊತ್ತಾಗಲ್ಲ, ಮೂರರ ದುಡ್ಡು ನೀರಲ್ಲಿ ಹೋಮ. ಬದಲಿಸಿದ ಹಳೇ ಭಾಗ ವಾಪಸ್ ಕೇಳಿ ಇಸ್ಕೊಳ್ಳಿ. ಆಮೇಲೆ ಗಲ್ಲಿಯಲ್ಲಿ ಒಂದು ರೌಂಡ್ ಹೊಡೆದು ಒಪ್ಕೋಬೇಡಿ. ನಿಮ್ಮ ವಾಯ್ಸ್ ನೋಟ್‌ನಲ್ಲಿರೋ ಅದೇ ರಸ್ತೆ, ಅದೇ ವೇಗ, ಅಷ್ಟೇ ಹೊತ್ತು ಓಡಿಸಿ ನೋಡಿ.

ಅಲ್ಲಿವರೆಗೂ? ಓವರ್‌ಟೇಕ್ ಬೇಡ, ಎಡಗಡೆ ಇರಿ, ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಬಿಡಿ. ಗಾಡಿ ಜೋರಾಗಿ ಎಳೆದ್ರೆ ಮೊದಲು ಕ್ಲಚ್ ಹಿಡೀರಿ, ಆಮೇಲೆ ಬ್ರೇಕ್. ಪೆಟ್ರೋಲ್ ವಾಸನೆ ಬಂದ್ರೆ ಓಡಿಸೋದನ್ನೇ ನಿಲ್ಲಿಸಿ.

ಮೆಕ್ಯಾನಿಕ್ ಹತ್ರ ಹೋಗಿ “ಗಾಡಿ ಒಂಥರಾ ಮಾಡುತ್ತೆ ಅಣ್ಣ” ಅಂದ್ರೆ ಅವರಾದರೂ ಏನು ಮಾಡ್ತಾರೆ? “ಅಣ್ಣ, ಇಪ್ಪತ್ತೈದು ನಿಮಿಷ ಓಡಿದ ಮೇಲೆ, ಐದನೇ ಗೇರಲ್ಲಿ, ಅರವತ್ತರ ವೇಗದಲ್ಲಿ ಮಾತ್ರ ಆಗುತ್ತೆ, ಮಳೆ ಇರಲಿ ಬಿಡಲಿ” ಅಂತ ಹೇಳಿ ನೋಡಿ. ಕೆಲಸ ಗೊತ್ತಿರೋ ಮೆಕ್ಯಾನಿಕ್ ಆದ್ರೆ ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ಆಗಲೇ ಗೊತ್ತಾಗಿರುತ್ತೆ.

ಇವತ್ತಿಗೆ ಇಷ್ಟು. ಗಾಡಿ ಹೀಗೆ ಕಾಡ್ತಿರೋ ಗೆಳೆಯರಿದ್ರೆ ಈ ಸಂಚಿಕೆ ಅವರಿಗೂ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ. ಹೆಲ್ಮೆಟ್ ಬಕಲ್ ಹಾಕ್ಕೊಳ್ಳೋದು ಮರೀಬೇಡಿ. ನಮಸ್ಕಾರ.