ನಾವು ಬರೆಯುವ ಗೋಪ್ಯ ವರದಿಗಳು

(ಸಂಘದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮನುಷ್ಯ ಮನುಷ್ಯನನ್ನು ಅಳೆಯುವ ಬಗೆ ಎಂಬುದು ಇಂದು ನನಗೆ ಒಪ್ಪಿಸಿರುವ ವಿಷಯ. ಕೇಂದ್ರ ಸರ್ಕಾರದ ನೌಕರನಾದ ನಾನು, ಈ ಅಳತೆಯನ್ನು ಕಾಗದದ ಮೇಲೆಯೇ ಮಾಡುವ ಒಂದು ವ್ಯವಸ್ಥೆಯಿಂದ ಮಾತು ಆರಂಭಿಸುತ್ತೇನೆ. ಅದು ವಾರ್ಷಿಕ ಗೋಪ್ಯ ವರದಿ. ನೌಕರ ಮಿತ್ರರಿಗೆ ಅದರ ಪರಿಚಯ ಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು.

ವರ್ಷಕ್ಕೊಮ್ಮೆ ಮೇಲಧಿಕಾರಿಯು ತನ್ನ ಕೈಕೆಳಗಿನವರ ಕೆಲಸ, ನಡತೆ, ಸಾಮರ್ಥ್ಯಗಳನ್ನು ಕುರಿತು ಷರಾ ಬರೆಯುತ್ತಾನೆ. 'ಅತ್ಯುತ್ತಮ', 'ಬಹಳ ಉತ್ತಮ', 'ಉತ್ತಮ', 'ಸಾಧಾರಣ' ಎಂಬ ಶ್ರೇಣಿಗಳಲ್ಲಿ ಒಂದನ್ನು ನೀಡುತ್ತಿದ್ದ. ಬಡ್ತಿ ಇದನ್ನೇ ಅವಲಂಬಿಸಿರುತ್ತದೆ. ಪ್ರತಿಕೂಲ ಷರಾ ಇದ್ದರೆ ಮಾತ್ರ ನೌಕರನಿಗೆ ತಿಳಿಸುವುದು ಬಹುಕಾಲದ ಪದ್ಧತಿಯಾಗಿತ್ತು. ಉಳಿದುದೆಲ್ಲ ಲಕೋಟೆಯೊಳಗಿನ ಗುಟ್ಟು.

ಗಡಿ ರಸ್ತೆಗಳ ಇಲಾಖೆಯ ಎಂಜಿನಿಯರ್ ದೇವದತ್ತ್ ಅವರ ಮೊಕದ್ದಮೆ ಈ ಪದ್ಧತಿಯನ್ನು ಅಲುಗಾಡಿಸಿತು. ಬಡ್ತಿಗೆ ಐದು ವರ್ಷ 'ಬಹಳ ಉತ್ತಮ' ಬೇಕಿತ್ತು. ಅವರಿಗೆ 1993-94ನೇ ಸಾಲಿನಲ್ಲಿ 'ಉತ್ತಮ' ಎಂದು ಬಿತ್ತು. ಅದು ನಿಂದೆಯಲ್ಲವಷ್ಟೆ? ಆದಕಾರಣ ಯಾರೂ ಅವರಿಗೆ ತಿಳಿಸಲಿಲ್ಲ. ಬಡ್ತಿ ಮಾತ್ರ ತಪ್ಪಿತು. ಬಾಗಿಲು ಮುಚ್ಚಿಸುವ 'ಉತ್ತಮ'ವೂ ಪ್ರತಿಕೂಲ ಷರಾವೇ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಿ ಅವನ ಮಾತನ್ನು ಕೇಳಬೇಕು ಎಂದು ಸುಪ್ರೀಂ ಕೋರ್ಟು 2008ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಒಂದು ಪದಕ್ಕೆ ಉತ್ತರ ಹೇಳುವ ಹಕ್ಕು ಸೇವೆ ಮುಗಿದ ಮೇಲೆ ದೊರೆಯಿತು! 2009ರಲ್ಲಿ ವರದಿಯ ಹೆಸರಿನಿಂದ 'ಗೋಪ್ಯ' ಎಂಬ ಮಾತೇ ಹೋಯಿತು. ಇಂದು ಪೂರ್ಣ ವರದಿಯನ್ನು ನೌಕರನಿಗೆ ತೋರಿಸಬೇಕು. ಆಕ್ಷೇಪ ಸಲ್ಲಿಸಲು 15 ದಿನಗಳ ಅವಕಾಶವಿದೆ.

ಮೇಲಧಿಕಾರಿಗಳು ದುಷ್ಟರೆಂದು ಇದರ ಅರ್ಥವಲ್ಲ. ಸಜ್ಜನರ ಅಳತೆಯೂ ತಪ್ಪುತ್ತದೆ ಎಂಬುದು ಇಲ್ಲಿಯ ತೊಡಕು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ನೀಡಿದ ಅಂಕಗಳನ್ನು ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಪರಿಶೀಲಿಸಿ 1920ರಲ್ಲಿ ಲೇಖನವೊಂದನ್ನು ಪ್ರಕಟಿಸಿದ. ಮೈಕಟ್ಟು, ಬುದ್ಧಿ, ನಾಯಕತ್ವ, ಶೀಲ ಇವು ಬೇರೆ ಬೇರೆ ಗುಣಗಳು. ಆದರೆ ಅಂಕಗಳು ಒಂದರ ಬಾಲವನ್ನು ಇನ್ನೊಂದು ಹಿಡಿದುಕೊಂಡು ಸಾಗಿದ್ದವು. ಒಟ್ಟಾರೆ 'ಒಳ್ಳೆಯವನು' ಎನಿಸಿದವನು ಎಲ್ಲದರಲ್ಲೂ ಒಳ್ಳೆಯವನಾಗಿದ್ದ.

ಬಾಲ್ಯದಲ್ಲಿಯೇ ಪೋಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಸಾಲೊಮನ್ ಆಶ್ 1946ರಲ್ಲಿ ಇದನ್ನು ಬೇರೊಂದು ದಿಕ್ಕಿನಿಂದ ತೋರಿಸಿದ. ಒಬ್ಬ ವ್ಯಕ್ತಿಯ ಏಳು ಗುಣಗಳ ಪಟ್ಟಿಯನ್ನು ಎರಡು ಗುಂಪುಗಳಿಗೆ ಓದಿ ಹೇಳಿದ. ಆರು ಪದಗಳು ಎರಡಕ್ಕೂ ಸಮಾನ. ಒಂದು ಗುಂಪಿಗೆ ಆ ವ್ಯಕ್ತಿ 'ಬೆಚ್ಚನೆಯವನು', ಇನ್ನೊಂದಕ್ಕೆ 'ತಣ್ಣನೆಯವನು'. ಈ ಒಂದೇ ಪದದಿಂದ ಮೊದಲ ಗುಂಪಿನ ಬಹುಪಾಲು ಮಂದಿ ಅವನು ಉದಾರಿ ಎಂದರು. ಎರಡನೆಯ ಗುಂಪಿನ ಬಹುಪಾಲು ಮಂದಿ ಅಲ್ಲವೆಂದರು. ಆ ವ್ಯಕ್ತಿಯನ್ನು ಯಾರೂ ಕಂಡಿರಲೇ ಇಲ್ಲ.

ಇಂಥ ಒಂದು ಪದದ ಭಾರ ಹೊರನಾಡಿನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ವಿಂಧ್ಯದ ಕೆಳಗಿನವರೆಲ್ಲರೂ ಈ ಊರಿಗೆ 'ಮದ್ರಾಸಿ'ಗಳು. ನಮ್ಮಲ್ಲಿ ದಕ್ಷಿಣ ಕನ್ನಡ, ಬಳ್ಳಾರಿಗಳು ಮದ್ರಾಸ್ ಪ್ರಾಂತದಲ್ಲಿದ್ದುದು ನಿಜ. ಆದರೆ ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದವು. ಕಲಬುರ್ಗಿ, ಬೀದರ, ರಾಯಚೂರುಗಳು ನಿಜಾಮನ ಆಳ್ವಿಕೆಯಲ್ಲಿದ್ದವು. ಮೈಸೂರು ಬೇರೆಯೇ ಸಂಸ್ಥಾನ. ಈ ಚರಿತ್ರೆಯನ್ನೆಲ್ಲ ಒಂದು ಪದ ಒರೆಸಿಹಾಕುತ್ತದೆ. ಅದನ್ನು ಕೇಳಿದಾಗ ನಮಗೆ ಸಿಟ್ಟು ಬರುತ್ತದೆ, ಬರುವುದು ನ್ಯಾಯ.

ಹಾಗಾದರೆ ಸಂಘದ ಅಂಗಳದಲ್ಲಿ ನಾವು ಬರೆಯುವ ಗೋಪ್ಯ ವರದಿಗಳ ಗತಿಯೇನು? ಧಾರವಾಡದವರ ಮಾತು ಒರಟು, ಮೈಸೂರಿನವರ ನಯದಲ್ಲಿ ಕಪಟ, ಮಂಗಳೂರಿನವರದು ಪುಸ್ತಕದ ಕನ್ನಡ ಎಂದು ಕಾಫಿಯ ಲೋಟ ಖಾಲಿಯಾಗುವುದರೊಳಗೆ ಶ್ರೇಣಿ ಹಂಚಿಬಿಡುತ್ತೇವೆ. ಧಾರವಾಡದ ಏಕವಚನದಲ್ಲಿ ಸಲುಗೆಯಿದೆ. ಮಂಗಳೂರಿನ ಎಷ್ಟೋ ಮಂದಿಗೆ ಮನೆಯಲ್ಲಿ ತುಳುವೋ ಕೊಂಕಣಿಯೋ ಇದ್ದು, ಕನ್ನಡವನ್ನು ಶಾಲೆಯಲ್ಲಿ ಕಲಿತರು. ಕಾರಣ ಕೇಳಿದರೆ ತಿಳಿಯುತ್ತದೆ, ನಾವು ಕೇಳುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದ ಷರಾ ಬೀಳುವುದು ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳ ಮೇಲೆ. ಮಗುವೊಂದು 'ಬಸ್ಸು ಬಂದಳು' ಎಂದರೆ ಸಭೆ ನಗುತ್ತದೆ. ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ. ಆ ಮಗು ತನಗೆ ತಿಳಿದ ಒಂದು ನಿಯಮವನ್ನು ನಿಷ್ಠೆಯಿಂದ ಕನ್ನಡಕ್ಕೆ ತಂದಿದೆ. ಅದು ಬುದ್ಧಿಯ ಲಕ್ಷಣ. ನಾವು ಬರೆಯುವ ಷರಾ ಮಾತ್ರ ಬೇರೆ: 'ಇವರಿಗೆ ಕನ್ನಡದ ಅಭಿಮಾನವಿಲ್ಲ.' ವ್ಯಾಕರಣದ ತಪ್ಪಿಗೆ ಶೀಲದ ಅಂಕ ಕಳೆಯುತ್ತೇವೆ. ಥಾರ್ನ್‌ಡೈಕ್ ಕಂಡದ್ದು ಇದನ್ನೇ. ನಗೆಯ ಅರ್ಥ ಮಗುವಿಗೆ ತಿಳಿಯುತ್ತದೆ. ಅಂಥ ಮಗು ದೊಡ್ಡದಾದ ಮೇಲೆ ರಾಜ್ಯೋತ್ಸವಕ್ಕೆ ಏಕೆ ಬರಬೇಕು?

ಇದಕ್ಕೆ ಹೊಗಳಿಕೆಯೂ ಮದ್ದಲ್ಲ. ವರದಿ ಬಯಲಾದಂದಿನಿಂದ ಅಧಿಕಾರಿಗಳು ನಿಷ್ಠುರಕ್ಕೆ ಅಂಜಿ ಎಲ್ಲರಿಗೂ ಧಾರಾಳವಾಗಿ ಅಂಕ ಕೊಡುತ್ತಾರೆ ಎಂಬ ದೂರು ಕಚೇರಿಗಳಲ್ಲಿ ಕೇಳಿಬರುತ್ತದೆ. ನಾವೂ ಎದುರಿಗೆ 'ಎಷ್ಟು ಚೆಂದ ಕನ್ನಡ ಮಾತಾಡ್ತೀಯಪ್ಪಾ' ಎಂದು, ಬೆನ್ನ ಹಿಂದೆ ತಲೆಯಾಡಿಸುತ್ತೇವೆ. ಲಕೋಟೆಯ ಬಣ್ಣ ಬದಲಾಯಿತು, ಒಳಗಿನ ಕಾಗದ ಅದೇ. ತಿದ್ದಬೇಕಾದುದನ್ನು ಎದುರಿಗೇ, ಆ ಒಂದು ವಿಷಯಕ್ಕಷ್ಟೇ ತಿದ್ದಿ, ಅವರು ಹೇಳುವುದನ್ನು ಪೂರ್ತಿ ಕೇಳುವುದು ಕಷ್ಟದ ಕೆಲಸ. ಅದಕ್ಕೆ ಸಮಯ ಬೇಕು, ಸ್ವಲ್ಪ ಪ್ರೀತಿಯೂ ಬೇಕು.

ಮೊದಲ ನೋಟದಲ್ಲೇ ತೀರ್ಮಾನಕ್ಕೆ ಬರುವುದು ಮನಸ್ಸಿನ ಸ್ವಭಾವ. ಅದನ್ನು ಯಾವ ನ್ಯಾಯಾಲಯವೂ ನಿಷೇಧಿಸಲಾರದು. ಆ ತೀರ್ಮಾನಕ್ಕೆ ಉತ್ತರ ಹೇಳುವ ಅವಕಾಶವನ್ನು ಕೊಡುವುದು ನಮ್ಮ ಕೈಯಲ್ಲಿದೆ. ಸರ್ಕಾರವೇ ತನ್ನ ಲಕೋಟೆಯನ್ನು ತೆರೆದಿರುವಾಗ, ಕನ್ನಡದ ಹೆಸರಿನಲ್ಲಿ ಸೇರುವ ನಾವು ತೆರೆಯಬಾರದೇಕೆ? ಈ ವರ್ಷದ ರಾಜ್ಯೋತ್ಸವದಲ್ಲಿ ಇಲ್ಲಿ ಬೆಳೆದ ಮಕ್ಕಳೇ ಅರ್ಧ ಗಂಟೆ ವೇದಿಕೆಯ ಮೇಲೆ ನಮ್ಮ ಬಗ್ಗೆ ತಮ್ಮ ವರದಿಯನ್ನು ಓದಲಿ, ತಮಗೆ ಬಂದ ಕನ್ನಡದಲ್ಲಿ. ನಾವು ಕೆಳಗೆ ಕುಳಿತು, ನಗದೆ ಕೇಳೋಣ. ಕಾರ್ಯಕಾರಿ ಸಮಿತಿಯ ಮುಂದೆ ಈ ಒಂದು ಸಲಹೆಯನ್ನಿಡುತ್ತೇನೆ.