ಮೇಲೆ ಕೆಮ್ಮಣ್ಣು, ಕೆಳಗೆ ಶೇಡಿ: ಶಿರಸಿ ಸೀಮೆಯ ಮಣ್ಣಿನ ಬಣ್ಣ ಏನು ಹೇಳುತ್ತೆ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೇ ಮನೆಗಳನ್ನ ನೋಡಿದವರಿಗೆ ಎರಡು ಬಣ್ಣ ನೆನಪಿರುತ್ತೆ. ಗೋಡೆಗೆ ಬಳಿದ ಕೆಮ್ಮಣ್ಣು, ಅದರ ಮೇಲೆ ಬಿಳೀ ಶೇಡಿಯಲ್ಲಿ ಎಳೆದ ಗೆರೆ, ಚುಕ್ಕಿ. ದೀಪಾವಳಿ ಹತ್ತಿರ ಬಂತು ಅಂದ್ರೆ ಎರಡೂ ಬೇಕಾಗ್ತಿತ್ತು. ಈಗ ಪೇಂಟ್ ಡಬ್ಬಿ ಬಂದಿದೆ, ಅದು ಬೇರೆ ಮಾತು. ನಾನು ಹೇಳೋಕೆ ಹೊರಟಿದ್ದು ಏನಂದ್ರೆ, ಈ ಎರಡು ಬಣ್ಣಗಳೂ ಎಷ್ಟೋ ಕಡೆ ಒಂದೇ ಗುಡ್ಡದವು. ಮೇಲೆ ಅಗೆದರೆ ಕೆಂಪು, ಇನ್ನೂ ಆಳಕ್ಕೆ ಹೋದರೆ ಬಿಳಿ. ಒಂದೇ ಬಂಡೆ ಕೊಳೆತು ಆದ ಮಣ್ಣು ಎರಡು ಬಣ್ಣ ಯಾಕಾಯ್ತು?

ಉತ್ತರ ಇರೋದು ಕಬ್ಬಿಣದಲ್ಲಿ ಮತ್ತು ನೀರಿನಲ್ಲಿ.

ನಮ್ಮ ಘಟ್ಟದ ಕೆಳಗೆ ಇರುವ ಬಂಡೆ 250 ಕೋಟಿ ವರ್ಷದಷ್ಟು ಹಳೆಯದು. ಅದರಲ್ಲಿ ಸುಣ್ಣದ ಅಂಶ, ಪೊಟ್ಯಾಶ್, ಮೆಗ್ನೀಶಿಯಂ, ಸಿಲಿಕಾ, ಅಲ್ಯೂಮಿನಿಯಂ, ಕಬ್ಬಿಣ ಎಲ್ಲಾ ಇವೆ. ಶಿರಸಿಯಲ್ಲಿ ವರ್ಷಕ್ಕೆ 2000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಘಟ್ಟದ ಅಂಚಿನಲ್ಲಿ ಇನ್ನೂ ಜಾಸ್ತಿ. ಈ ನೀರು ಮಣ್ಣಿನೊಳಗೆ ಇಳಿಯುವಾಗ ಬೇರುಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತೆ. ಆ ಹುಳಿ ನೀರು ಬಂಡೆಯನ್ನ ನಿಧಾನಕ್ಕೆ ಕರಗಿಸುತ್ತೆ. ಸುಣ್ಣ, ಪೊಟ್ಯಾಶ್ ಮೊದಲು ತೊಳೆದು ಹೋಗ್ತವೆ. ಸಿಲಿಕಾ ತಡವಾಗಿ ಹೋಗುತ್ತೆ. ಹೋಗದೆ ಉಳಿಯೋದು ಅಲ್ಯೂಮಿನಿಯಂ ಮತ್ತು ಕಬ್ಬಿಣ. ಸೋಸಿದ ಮೇಲೆ ಜಾಲರಿಯಲ್ಲಿ ಚಹಾಪುಡಿ ಉಳೀತದಲ್ಲ, ಹಾಗೆ. ಉಳಿದ ಕಬ್ಬಿಣಕ್ಕೆ ಗಾಳಿ ತಾಗಿ ತುಕ್ಕು ಹಿಡಿಯುತ್ತೆ. ಕೆಮ್ಮಣ್ಣು ಅಂದ್ರೆ ತುಕ್ಕು ಹಿಡಿದ ಮಣ್ಣು, ಅಷ್ಟೇ.

ತುಕ್ಕಿನಲ್ಲೂ ಎರಡು ಜಾತಿ. ಬಿಸಿ ಜಾಸ್ತಿ, ಮಧ್ಯೆ ಮಧ್ಯೆ ಚೆನ್ನಾಗಿ ಒಣಗುವ ಕಡೆ ಹೆಮಟೈಟ್ ಆಗುತ್ತೆ, ಅದು ರಕ್ತಗೆಂಪು. ಯಾವಾಗಲೂ ತಂಪು, ತೇವ ಇರುವ ಕಡೆ ಗೋಥೈಟ್, ಅದು ಹಳದಿ ಮಿಶ್ರಿತ ಕಂದು. ಜರ್ಮನ್ ಕವಿ ಗೋಥೆಯ ಹೆಸರು ಅದಕ್ಕೆ. ಆದ್ದರಿಂದ ಬಯಲಿನ ಮಣ್ಣು ಕೆಂಪಾಗಿದ್ದು, ಅಲ್ಲೇ ಪಕ್ಕದ ದಟ್ಟ ಕಾಡಿನ ನೆರಳಲ್ಲಿ ಅರಿಶಿನ ಬಣ್ಣಕ್ಕೆ ತಿರುಗಿದ್ದರೆ ಆಶ್ಚರ್ಯ ಬೇಡ.

ಕಬ್ಬಿಣ ಇನ್ನೂ ಹೆಚ್ಚು ಸೇರಿ ಗಟ್ಟಿಯಾದರೆ ಅದೇ ನಮ್ಮ ಚಿರೇಕಲ್ಲು, ಜಂಬಿಟ್ಟಿಗೆ. ನೆಲದೊಳಗೆ ಇರುವಾಗ ಮೆದು, ಕೊಡಲಿಯಂಥ ಹತಾರದಲ್ಲಿ ಕಡಿದು ತೆಗೀಬಹುದು. ಹೊರಗೆ ಗಾಳಿ, ಬಿಸಿಲು ತಾಗಿದ ಮೇಲೆ ಗಟ್ಟಿ. 1800-01ರಲ್ಲಿ ಈ ಸೀಮೆಯೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಸೋಂದೆ, ಶಿರಸಿ, ಬನವಾಸಿಯ ಮೇಲೂ ಹಾದು ಹೋಗಿದ್ದ. ಕೇರಳದ ಅಂಗಡಿಪುರಂನಲ್ಲಿ ಜನ ಈ ಕಲ್ಲನ್ನ ಕಡಿದು ಮನೆ ಕಟ್ಟೋದನ್ನ ಕಂಡು, 1807ರ ತನ್ನ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದ್ರೆ ಇಟ್ಟಿಗೆ. ಜಂಬಿಟ್ಟಿಗೆ ಅನ್ನೋ ನಮ್ಮ ಮಾತಿನಲ್ಲೂ ಇಟ್ಟಿಗೆ ಇದೆ ನೋಡಿ. ಇವತ್ತು ಜಗತ್ತಿನ ಎಲ್ಲ ಭೂವಿಜ್ಞಾನದ ಪುಸ್ತಕಗಳಲ್ಲಿ ಇರೋ ಶಬ್ದ ನಮ್ಮ ಕರಾವಳಿ, ಘಟ್ಟದ ಸಾಲಿನ ಗೋಡೆಗಳಿಂದ ಹೋದದ್ದು.

ಈಗ ಶೇಡಿಗೆ ಬರೋಣ. ಬಾವಿ ತೋಡುವವರನ್ನ ಕೇಳಿ, ಅವರು ಇದನ್ನ ಕಣ್ಣಾರೆ ನೋಡಿರ್ತಾರೆ. ಮೇಲೆ ಕೆಂಪು, ಆಮೇಲೆ ಕೆಂಪು-ಬಿಳಿ-ಹಳದಿ ಕಲಸಿದ ಚುಕ್ಕಿ ಚುಕ್ಕಿ ಮಣ್ಣು, ಅದರ ಕೆಳಗೆ ಗುಲಾಬಿ ಅಥವಾ ಬಿಳಿ ಶೇಡಿ, ಅದರಡಿ ಕೊಳೆತ ಬಂಡೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ, ಬೇಸಿಗೆಯಲ್ಲಿ ಇಳಿಯುತ್ತೆ. ನೀರು ನಿಂತಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದಾಗ ಸೂಕ್ಷ್ಮಜೀವಿಗಳು ತುಕ್ಕಿನಿಂದಲೇ ಉಸಿರಾಟದ ಕೆಲಸ ನಡೆಸಿಕೊಳ್ತವೆ. ಆಗ ತುಕ್ಕು ನೀರಲ್ಲಿ ಕರಗುವ ರೂಪಕ್ಕೆ ಬಂದು ಅಲ್ಲಿಂದ ಹೊರಟು ಹೋಗುತ್ತೆ. ಉಳಿಯೋದು ಬಿಳೀ ಜೇಡಿ. ಆ ಚುಕ್ಕಿ ಪದರ ಇದೆಯಲ್ಲ, ಅದು ನೀರು ಏರಿ ಇಳಿದ ಗುರುತು.

ಇದೇ ಆಟ ನಮ್ಮ ಗದ್ದೆಯಲ್ಲಿ ಪ್ರತಿವರ್ಷ ನಡೆಯುತ್ತೆ. ನೀರು ನಿಂತ ಗದ್ದೆಯ ಮಣ್ಣು ಬೂದು, ಒಮ್ಮೊಮ್ಮೆ ನೀಲಿ ಛಾಯೆ. ಆದರೆ ಭತ್ತದ ಬೇರಿನ ಸುತ್ತ ಕಿತ್ತಳೆ ಬಣ್ಣದ ಗೆರೆ ಇರುತ್ತೆ, ಯಾಕಂದ್ರೆ ಭತ್ತ ಎಲೆಯಿಂದ ಬೇರಿಗೆ ಗಾಳಿ ಇಳಿಸುತ್ತೆ, ಅಲ್ಲಿ ಮಾತ್ರ ತುಕ್ಕು ಹಿಡಿಯುತ್ತೆ. ಕಾಲುವೆಯಲ್ಲಿ ಎಣ್ಣೆ ಚೆಲ್ಲಿದ ಹಾಗೆ ಕಾಮನಬಿಲ್ಲಿನ ಪೊರೆ ಕಂಡು ಯಾರೋ ಡೀಸೆಲ್ ಬಿಟ್ಟಿದಾರೆ ಅಂತ ಬೈಯೋ ಮುಂಚೆ ಒಂದು ಕಡ್ಡಿ ಆಡಿಸಿ ನೋಡಿ. ಪೊರೆ ಹಪ್ಪಳದ ಹಾಗೆ ಚೂರು ಚೂರಾದರೆ ಅದು ಕಬ್ಬಿಣದ್ದು. ಮತ್ತೆ ಕೂಡಿಕೊಂಡರೆ ಎಣ್ಣೆ.

ಮತ್ತೊಂದು. ಬೂದು ಜೇಡಿಮಣ್ಣಲ್ಲಿ ಮಾಡಿದ ಹಂಚು ಭಟ್ಟಿಯಿಂದ ಹೊರಬರುವಾಗ ಕೆಂಪು. ಬಣ್ಣ ಯಾರೂ ಹಾಕಿಲ್ಲ. ಮಣ್ಣಲ್ಲಿ ಉಳಿದುಕೊಂಡಿದ್ದ ಕಬ್ಬಿಣ ಬೆಂಕಿ, ಗಾಳಿ ಸಿಕ್ಕಿ ಹೆಮಟೈಟ್ ಆಯ್ತು.

ಕಪ್ಪು ಬಣ್ಣದ ಕತೆ ಸ್ವಲ್ಪ ಬೇರೆ. ಕಾನಿನಲ್ಲಿ ದರಕು ಸರಿಸಿದರೆ ಸಿಗುವ ಕಪ್ಪು ಮಣ್ಣು ಎಲೆ ಕೊಳೆತು ಆದದ್ದು. ಅದೇ ಯಲ್ಲಾಪುರದಿಂದ ಹುಬ್ಬಳ್ಳಿ ಬಸ್ ಹತ್ತಿ, ಕಲಘಟಗಿ ದಾಟಿ ಹೋಗ್ತಾ ಹೋಗ್ತಾ ಕಾಣುವ ಎರೆಮಣ್ಣು ಬೇರೆ ಕಾರಣಕ್ಕೆ ಕಪ್ಪು. ಅಲ್ಲಿ ಮಳೆ ಕಡಿಮೆ, ಸುಣ್ಣದ ಅಂಶ ತೊಳೆದು ಹೋಗಿಲ್ಲ, ನೀರು ಕುಡಿದು ಉಬ್ಬುವ ಜಾತಿಯ ಜೇಡಿ ಇದೆ. ಆ ಜೇಡಿಗೆ ಸ್ವಲ್ಪವೇ ಸಾವಯವ ಅಂಶ ಅಂಟಿಕೊಂಡರೂ ಕಡುಕಪ್ಪು. ಕಪ್ಪು ಕಂಡ ಕೂಡಲೇ ಗೊಬ್ಬರ ಜಾಸ್ತಿ ಅಂದುಕೊಳ್ಳೋದು ಎರಡೂ ಕಡೆ ಸರಿಯಲ್ಲ.

ನಮ್ಮ ಕೆಮ್ಮಣ್ಣಿನ ಕಷ್ಟ ಏನಂದ್ರೆ, ನೋಡೋಕೆ ಚೆಂದ, ಒಳಗೆ ಬಡವ. ಪೊಟ್ಯಾಶ್, ಸುಣ್ಣ ಲಕ್ಷಾಂತರ ವರ್ಷದ ಮಳೆಗೆ ಹೋಗಿಬಿಟ್ಟಿದೆ. ರಂಜಕ ಹಾಕಿದರೆ ಅದನ್ನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ತವೆ, ಗಿಡಕ್ಕೆ ಸುಲಭಕ್ಕೆ ಕೊಡಲ್ಲ. ಇಷ್ಟಾದರೂ ಇಲ್ಲಿ ಕಾಡು ಬೆಳೆದದ್ದು ಹೇಗೆ? ಬಿದ್ದ ಎಲೆ ಅಲ್ಲೇ ಕೊಳೆತು ಮತ್ತೆ ಬೇರಿಗೆ ಹೋಗೋದ್ರಿಂದ. ಅಂದ್ರೆ ಸತ್ವ ಇರೋದು ಮೇಲಿನ ತೆಳು ಕಪ್ಪು ಪದರದಲ್ಲಿ. ಹಿರಿಯರು ಇದನ್ನ ಬಲ್ಲವರು. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಅಂತ ಇಲ್ಲಿ ಲೆಕ್ಕ ಇದ್ದದ್ದು ಸುಮ್ಮನೆ ಅಲ್ಲ. ಬೆಟ್ಟದ ಎಲೆ ಕೊಟ್ಟಿಗೆಗೆ, ಅಲ್ಲಿಂದ ತೋಟಕ್ಕೆ. ಆದರೆ ದರಕನ್ನೆಲ್ಲ ಪ್ರತಿವರ್ಷ ಗುಡಿಸಿ ತಂದು, ಮೇಲಿಂದ ಬೆಂಕಿಯೂ ಬಿದ್ದರೆ ಬೆಟ್ಟದ ಕಪ್ಪು ಪದರ ಹೋಗುತ್ತೆ. ನಿಮ್ಮ ಬೆಟ್ಟದಲ್ಲಿ ಕೆಂಪು ನೆಲ ಬರಿದಾಗಿ ಕಾಣ್ತಿದ್ದರೆ, ತೋಟದ ಉಗ್ರಾಣ ಖಾಲಿಯಾಗ್ತಿದೆ ಅಂತ. ನನ್ನ ಪ್ರಕಾರ ತೋಟಕ್ಕೆ ಏನು ಹಾಕಬೇಕು ಅಂತ ಚರ್ಚೆ ಮಾಡುವಷ್ಟು ನಾವು ಬೆಟ್ಟದ ಬಗ್ಗೆ ಮಾಡಲ್ಲ.

ತೋಟದಲ್ಲೂ ಒಂದು ಪರೀಕ್ಷೆ ಇದೆ. ಎರಡಡಿ ಗುಂಡಿ ತೆಗೀರಿ. ಪೂರ್ತಿ ಕೆಂಪು-ಕಂದು ಇದ್ದರೆ ನೀರು ಬಸಿಯುತ್ತಿದೆ. ಒಂದಡಿಗೇ ಬೂದು ಚುಕ್ಕಿ ಶುರುವಾದರೆ ಅಲ್ಲಿ ಬಹಳ ದಿನ ನೀರು ನಿಲ್ಲುತ್ತೆ, ಅಡಿಕೆ ಬೇರಿಗೆ ಉಸಿರಿಲ್ಲ. ಗೊಬ್ಬರದ ಮೂಟೆಗಿಂತ ಮೊದಲು ಬಸಿಗಾಲುವೆ ಆಳ ಮಾಡಬೇಕು. ಫೋಟೋ ತೆಗೆದು ಯಾರಿಗಾದರೂ ಕಳಿಸೋದಾದರೆ ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡಿ. ಮೊಬೈಲ್ ಕ್ಯಾಮೆರಾ ತಾನಾಗಿ ಬಣ್ಣ ಬದಲಿಸುತ್ತೆ. ಒದ್ದೆ ಮಣ್ಣೋ ಒಣ ಮಣ್ಣೋ ಅಂತಲೂ ಬರೀರಿ, ಒದ್ದೆಯಾದರೆ ಬಣ್ಣ ಗಾಢವಾಗುತ್ತೆ. ವಿಜ್ಞಾನಿಗಳು ಮನ್ಸೆಲ್ ಅನ್ನೋ ಬಣ್ಣದ ಪುಸ್ತಕದ ಜೊತೆ ಹೋಲಿಸಿ ನೋಡೋದು ಇದೇ ಗೊಂದಲ ಬೇಡ ಅಂತ.

ಕೊನೇದಾಗಿ ಧರೆ. ಗುಡ್ಡ ಕಡಿದು ಮನೆ, ರಸ್ತೆ ಮಾಡೋದು ಈಗ ಜೆಸಿಬಿಯಿಂದ ಒಂದು ದಿನದ ಕೆಲಸ. ಮೇಲಿನ ಕೆಂಪು ಪದರ, ಚಿರೇಕಲ್ಲು ಗಟ್ಟಿ, ನೆಟ್ಟಗೆ ಕಡಿದರೂ ನಿಲ್ಲುತ್ತೆ. ಅದನ್ನ ನಂಬಿ ಇನ್ನೂ ಕೆಳಗೆ ಕಡಿದರೆ ಶೇಡಿ ಸಿಗುತ್ತೆ. ಬೇಸಿಗೆಯಲ್ಲಿ ಶೇಡಿಯೂ ಗಟ್ಟಿಯೇ. ಮಳೆಗಾಲದಲ್ಲಿ ಚಿರೇಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯ ಮೇಲೆ ಬಂದು ತಡೆಯುತ್ತೆ, ಶೇಡಿ ಬೆಣ್ಣೆಯಂತಾಗುತ್ತೆ, ಮೇಲಿನ ಭಾರ ಜಾರುತ್ತೆ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆ ಹೋದದ್ದನ್ನ ನೀವೆಲ್ಲ ನೋಡಿದೀರಿ. ಪ್ರತಿ ಕುಸಿತಕ್ಕೂ ಕಾರಣ ಹಲವು. ಇಳಿಜಾರು, ಬಂಡೆಯ ಬಿರುಕು, ಮಳೆಯ ಪ್ರಮಾಣ ಎಲ್ಲ ಸೇರ್ತವೆ, ಬಣ್ಣ ಒಂದರಿಂದ ಹೇಳೋಕಾಗಲ್ಲ. ಆದರೂ ಮನೆ ಹಿಂದಿನ ಧರೆಯಲ್ಲಿ ಕೆಂಪಿನ ಕೆಳಗೆ ಗುಲಾಬಿ, ಬಿಳಿ ಮಣ್ಣು ಹೊರಬಿದ್ದಿದ್ದರೆ ಮಳೆಗಾಲಕ್ಕೆ ಮುಂಚೆ ಧರೆಯ ನೆತ್ತಿಯ ಮೇಲಿನ ನೀರನ್ನ ಬೇರೆ ಕಡೆ ತಿರುಗಿಸಿ, ಬುಡವನ್ನ ಇನ್ನಷ್ಟು ಕಡೀಬೇಡಿ. ಆಷಾಢದಲ್ಲಿ ಧರೆಯ ಬುಡದಿಂದ ತಿಳಿಯಾಗಿ ಬರ್ತಿದ್ದ ಒರತೆ ಇದ್ದಕ್ಕಿದ್ದ ಹಾಗೆ ಬಿಳಿ ಅಥವಾ ಕೆಂಪಾಗಿ ಕಲಕಿ ಬಂದರೆ, ಒಳಗಿನ ಮಣ್ಣು ಹೊರಡ್ತಾ ಇದೆ ಅಂತ ಅರ್ಥ. ಅವತ್ತು ರಾತ್ರಿ ಯಾರೂ ಆ ಮನೆಯಲ್ಲಿ ಮಲಗಬೇಡಿ.