ಗೆದ್ದವರಿದ್ದರು, ಸಭೆ ಇರಲಿಲ್ಲ

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ.

2018ರ ಆಗಸ್ಟ್ 31. ಉಡುಪಿ ನಗರಸಭೆಗೆ ಮತದಾನ. ಮಳೆಗಾಲದ ನಿಷೇಧ ಮುಗಿದು ಮಲ್ಪೆಯ ದೋಣಿಗಳು ಕಡಲಿಗಿಳಿದಿದ್ದ ಸಮಯ. ಸೆಪ್ಟೆಂಬರ್ 3ಕ್ಕೆ ಫಲಿತಾಂಶ. 35 ವಾರ್ಡುಗಳಲ್ಲಿ 31 ಒಂದೇ ಪಕ್ಷಕ್ಕೆ. ಅತಂತ್ರ ಇಲ್ಲ, ಕುದುರೆ ವ್ಯಾಪಾರ ಇಲ್ಲ, ರೆಸಾರ್ಟ್ ಇಲ್ಲ. ಹಾಗಾದರೆ ಅಧ್ಯಕ್ಷರು ಕುರ್ಚಿಯಲ್ಲಿ ಕೂತಿದ್ದು ಯಾವಾಗ? 2020ರ ಕೊನೆಗೆ! ಎರಡು ವರ್ಷ ದಾಟಿದ ಮೇಲೆ.

ಯಾಕೆ ಸ್ವಾಮಿ? ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಅಂತ ಹೇಳುವ ಮೀಸಲಾತಿ ಪಟ್ಟಿ ತಯಾರಾಗೋದು ಬೆಂಗಳೂರಿನಲ್ಲಿ. ಪಟ್ಟಿ ಬಂತು, ಬದಲಾಯಿತು, ಕೋರ್ಟ್ ಮೆಟ್ಟಿಲೇರಿತು. ರಾಜ್ಯದ ನೂರಕ್ಕೂ ಹೆಚ್ಚು ಊರುಗಳದ್ದು ಇದೇ ಪಾಡು. ಗೆದ್ದವರು ಮನೆಯಲ್ಲಿ, ಆಡಳಿತಾಧಿಕಾರಿ ಕಚೇರಿಯಲ್ಲಿ.

ಆದರೆ ಹೊಳೆ ಪಟ್ಟಿಗೆ ಕಾಯಲ್ಲ ನೋಡಿ. 2019ರ ಮೇ ತಿಂಗಳು. ಉಡುಪಿಗೆ ಕುಡಿಯುವ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿತು. ನದಿಯ ಗುಂಡಿಗಳಲ್ಲಿ ನಿಂತ ನೀರನ್ನು ಬಜೆಗೆ ಹರಿಸಲು ಜನರೇ ಇಳಿದರು. ಶಾಸಕರು, ನಗರಸಭೆಗೆ ಆಯ್ಕೆಯಾದವರು, ಸಾರ್ವಜನಿಕರು ಸೇರಿ ಶ್ರಮದಾನ ಮಾಡಿದರು. ಮೆಚ್ಚಬೇಕಾದ ಕೆಲಸ. ಆದರೆ ಯೋಚನೆ ಮಾಡಿ, ನೀರಿನ ಬಗ್ಗೆ ಸಭೆಯಲ್ಲಿ ನಿರ್ಣಯ ಮಾಡಬೇಕಾದವರಿಗೆ ಸಭೆಯೇ ಇರಲಿಲ್ಲ, ಹಾರೆ ಮಾತ್ರ ಇತ್ತು.

ಮುಂದಿನ ವರ್ಷ ಉಲ್ಟಾ. 2020ರ ಸೆಪ್ಟೆಂಬರ್ 20. ರಾತ್ರಿಯಿಡೀ ಮಳೆ. ಅದೇ ಸ್ವರ್ಣೆ ಉಕ್ಕಿದಳು. ಕಲ್ಸಂಕದ ಸುತ್ತಮುತ್ತ, ಕೃಷ್ಣ ಮಠದ ಪರಿಸರದವರೆಗೂ ನೀರು. ಎನ್‌ಡಿಆರ್‌ಎಫ್ ಬಂತು, ಸಾವಿರಾರು ಜನರನ್ನು ಸ್ಥಳಾಂತರ ಮಾಡಬೇಕಾಯಿತು. ಆಗಲೂ ನಗರಸಭೆಗೆ ಅಧ್ಯಕ್ಷರಿಲ್ಲ. ಯಾವ ತೋಡು ಮುಚ್ಚಿದೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ ಅನ್ನೋದು ವಾರ್ಡಿನ ಸದಸ್ಯರಿಗೆ ಗೊತ್ತಿರುತ್ತೆ, ಎರಡು ವರ್ಷಕ್ಕೆ ವರ್ಗವಾಗುವ ಅಧಿಕಾರಿಗಲ್ಲ.

ಇದೇ ಊರಿನ ಹಳೆ ಕಡತ ತೆಗೆಯಿರಿ. 1968ರಲ್ಲಿ ಡಾ. ವಿ.ಎಸ್. ಆಚಾರ್ಯ ಉಡುಪಿ ಪುರಸಭೆಯ ಅಧ್ಯಕ್ಷರಾದರು. ಅವರ ಕಾಲದಲ್ಲಿ ಪುರಸಭೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿತು. ಇದಕ್ಕೆ ದೇಶದ ಸಂಸತ್ತು ಕಾನೂನು ತಂದಿದ್ದು 1993ರಲ್ಲಿ. ಒಂದು ಸಣ್ಣ ಪುರಸಭೆ ದೆಹಲಿಗಿಂತ 20 ವರ್ಷಕ್ಕೂ ಹೆಚ್ಚು ಮುಂದಿತ್ತು! ಊರಿನ ಸಭೆ ಸೇರಿದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಾನು ಇಂಜಿನಿಯರಿಂಗ್ ಓದಿದವನು. ಯಂತ್ರ ಒಂದೇ ಜಾಗದಲ್ಲಿ ಎರಡು ಸಲ ಕೈಕೊಟ್ಟರೆ ಅದನ್ನು ಅದೃಷ್ಟ ಅನ್ನಲ್ಲ, ವಿನ್ಯಾಸದ ದೋಷ ಅಂತೀವಿ. 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕುರ್ಚಿ ಖಾಲಿ.

ಮೀಸಲಾತಿ ಬೇಡ ಅಂತ ನಾನು ಹೇಳ್ತಾ ಇಲ್ಲ. ಮಹಿಳೆಯರು, ಹಿಂದುಳಿದವರು, ದಲಿತರು ಆ ಕುರ್ಚಿಗೆ ಬಂದಿದ್ದೇ ಅದರಿಂದ. ಕುರ್ಚಿ ಖಾಲಿ ಬಿಟ್ಟರೆ ಅನ್ಯಾಯ ಅವರಿಗೇ ಮೊದಲು. ನನ್ನ ಬೇಡಿಕೆ ಒಂದೇ: ಎರಡೂ ಅವಧಿಯ ಪಟ್ಟಿ ಮತದಾನಕ್ಕೆ ಮೊದಲೇ ಹೊರಬರಲಿ. ತಕರಾರು ಇದ್ದರೆ ಆಗಲೇ ಇತ್ಯರ್ಥವಾಗಲಿ. ಫಲಿತಾಂಶ ಬಂದ ತಿಂಗಳೊಳಗೆ ಸಭೆ ಕೂರಲಿ.

ಕೊನೆಗೆ ನಮ್ಮದೂ ಒಂದು ತಪ್ಪೊಪ್ಪಿಗೆ. 2019ರ ಜುಲೈನಲ್ಲಿ ಶಾಸಕರು ಯಾವ ಹೋಟೆಲ್‌ನಲ್ಲಿದ್ದಾರೆ ಅಂತ ನಾವು ದಿನವಿಡೀ ತೋರಿಸಿದೆವು. ಉಡುಪಿಯ ಖಾಲಿ ಕುರ್ಚಿಯ ಮುಂದೆ ನನ್ನ ಕ್ಯಾಮೆರಾ ಒಂದು ದಿನವೂ ನಿಲ್ಲಲಿಲ್ಲ. ನೀವೂ ಕೇಳಲಿಲ್ಲ, ನಾವೂ ತೋರಿಸಲಿಲ್ಲ. ಅದಕ್ಕೇ ಬೆಂಗಳೂರಿಗೆ ಅವಸರ ಇರಲಿಲ್ಲ.

ಇವತ್ತು ಟಿವಿ ಆಫ್ ಮಾಡೋ ಮುಂಚೆ ಮನೆಯವರನ್ನು ಒಂದು ಪ್ರಶ್ನೆ ಕೇಳಿ: ನಮ್ಮ ವಾರ್ಡಿಗೆ ಈಗ ಸದಸ್ಯರು ಯಾರು? ಕೊನೆಯ ಸಭೆ ನಡೆದಿದ್ದು ಯಾವಾಗ? ಉತ್ತರ ಗೊತ್ತಿಲ್ಲ ಅಂದ್ರೆ ನಾಳೆ ನಗರಸಭೆಗೆ ಹೋಗಿ ಕೇಳಿ. ಮುಂದಿನ ಮಳೆಗಾಲಕ್ಕೆ ಮೊದಲು ಕೇಳಿ.